ಮಕ್ಕಳೊಂದಿಗೆ ಮೈಸೂರು: ನೋಡುವ ತಾಣಗಳು, ಊಟದ ವೇಳೆ ಮತ್ತು ನಮ್ಮ ಆಚರಣೆ

ಮಕ್ಕಳಿಗೆ ರಜೆ ಸಿಕ್ಕಿತೆಂದರೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ, "ಎಲ್ಲಿಗೆ ಹೋಗೋಣ?" ಜೈನ ಮನೆಗಳಲ್ಲಿ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: "ಅಲ್ಲಿ ಊಟಕ್ಕೇನು ಮಾಡುವುದು? ಸಂಜೆಯೊಳಗೆ ಎಲ್ಲಿ ಉಣ್ಣುವುದು?" ಈ ಎರಡನೆಯ ಪ್ರಶ್ನೆಗೆ ಉತ್ತರ ಸಿಗದೆ ಪ್ರವಾಸವನ್ನೇ ಕೈಬಿಡುವ ಮನೆಗಳಿವೆ. ಹೊರಟ ಮೇಲೆ "ಇವತ್ತೊಂದು ದಿನ ಪರವಾಗಿಲ್ಲ" ಎಂದು ನಿಯಮವನ್ನು ಸಡಿಲಿಸುವ ಮನೆಗಳೂ ಇವೆ. ಇನ್ನು ಕೆಲವರು ದಿನವಿಡೀ "ಅದು ಬೇಡ, ಇದು ಮುಟ್ಟಬೇಡ" ಎನ್ನುತ್ತಲೇ ಮಕ್ಕಳನ್ನು ಸುತ್ತಾಡಿಸಿ ಕರೆತರುತ್ತಾರೆ.

ಮೂರೂ ಮಗುವಿಗೆ ಒಂದೇ ಪಾಠವನ್ನು ಕಲಿಸುತ್ತವೆ: ಧರ್ಮವೆಂದರೆ ಸಂತೋಷಕ್ಕೆ ಅಡ್ಡಿ. ಹತ್ತು ವರ್ಷದ ಮಗು ಹೀಗೆ ತಿಳಿದುಕೊಂಡರೆ ಇಪ್ಪತ್ತನೆಯ ವಯಸ್ಸಿನಲ್ಲಿ ಹಾಸ್ಟೆಲ್ಲಿಗೋ ಬೇರೆ ಊರಿನ ಕೆಲಸಕ್ಕೋ ಹೋದಾಗ ಆಚರಣೆಯನ್ನು ಮನೆಯಲ್ಲೇ ಬಿಟ್ಟು ಹೋಗುತ್ತದೆ. ಸ್ವಲ್ಪ ಯೋಜನೆ ಮಾಡಿಕೊಂಡರೆ ಆಚರಣೆಯೂ ಉಳಿಯುತ್ತದೆ, ಮಕ್ಕಳ ಸಂತೋಷವೂ ಉಳಿಯುತ್ತದೆ. ರಾಜ್ಯದ ಎಲ್ಲ ಕಡೆಯಿಂದಲೂ ಕುಟುಂಬಗಳು ಬರುವ ಮೈಸೂರನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಅದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ದಿನವನ್ನು ಸೂರ್ಯನಿಂದ ಆರಂಭಿಸಿ

ಪ್ರವಾಸದ ಯೋಜನೆಯನ್ನು ಸಾಮಾನ್ಯವಾಗಿ ನೋಡಬೇಕಾದ ಸ್ಥಳಗಳಿಂದ ಶುರುಮಾಡುತ್ತೇವೆ. ರಾತ್ರಿ ಭೋಜನ ತ್ಯಾಗವಿರುವ ಮನೆಯವರು ಅದನ್ನು ಸೂರ್ಯಾಸ್ತದಿಂದ ಹಿಂದಕ್ಕೆ ಎಣಿಸುತ್ತ ಬರುವುದು ಸುಲಭ. ಮೈಸೂರಿನಲ್ಲಿ ನವೆಂಬರ್ ಕೊನೆ ಮತ್ತು ಡಿಸೆಂಬರ್ ಮೊದಲ ವಾರಗಳಲ್ಲಿ ಸುಮಾರು 6 ಗಂಟೆಗೇ ಸೂರ್ಯ ಮುಳುಗುತ್ತಾನೆ. ಜೂನ್ ಕೊನೆ ಮತ್ತು ಜುಲೈ ಆರಂಭದಲ್ಲಿ 6.50ರ ಹೊತ್ತಾಗುತ್ತದೆ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುವ ಪದ್ಧತಿ ಇರುವವರು ಡಿಸೆಂಬರಿನಲ್ಲಿ 5 ಗಂಟೆಯೊಳಗೇ ಎಲೆಯ ಮುಂದೆ ಕೂತಿರಬೇಕು. ಹಾಗಾಗಿ 4.30ಕ್ಕೆ ಎಲ್ಲಿರುತ್ತೇವೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಉಳಿದದ್ದು ತಾನಾಗಿ ಕೂಡಿಬರುತ್ತದೆ.

ದಿನ ಗೊತ್ತುಮಾಡುವಾಗ ಪಂಚಾಂಗವನ್ನೂ ಒಮ್ಮೆ ನೋಡಿ. ಅಷ್ಟಮಿ, ಚತುರ್ದಶಿಗಳಂದು ಹಸಿರು ತರಕಾರಿ ಬಿಡುವವರು, ಏಕಾಶನ ಮಾಡುವವರು ಮನೆಯಲ್ಲಿದ್ದರೆ ಅಂಥ ದಿನ ಸುತ್ತಾಟ ಇಟ್ಟುಕೊಂಡು ಅಜ್ಜಿಗೋ ತಾಯಿಗೋ ಆಯಾಸ ಮಾಡಿಸುವುದು ಬೇಡ. ದಶಲಕ್ಷಣ ಮತ್ತು ಪರ್ಯೂಷಣದ ದಿನಗಳನ್ನು ಬಿಟ್ಟುಬಿಡಿ. ಚಾತುರ್ಮಾಸದಲ್ಲಿ ಹೊರಡುವುದಾದರೆ ಹುಲ್ಲಿನ ಮೇಲೆ ಓಡಾಡುವ ಉದ್ಯಾನಗಳಿಗಿಂತ ವಸ್ತುಸಂಗ್ರಹಾಲಯಗಳನ್ನು ಆರಿಸಿಕೊಳ್ಳಿ. ಮಳೆಗಾಲದಲ್ಲಿ ಹುಲ್ಲಿನಲ್ಲಿ ಸೂಕ್ಷ್ಮಜೀವಿಗಳು ಹೆಚ್ಚು, ಸುರಿಯುವ ಮಳೆಯಲ್ಲಿ ಮಕ್ಕಳಿಗೂ ಅದೇ ಅನುಕೂಲ.

ಬುತ್ತಿ ಮತ್ತು ಹೋಟೆಲು

ಬೆಳಗಿನ ತಿಂಡಿ ಮತ್ತು ಸಂಜೆಯ ಊಟದಲ್ಲಿ ಒಂದಕ್ಕಾದರೂ ಮನೆಯ ಬುತ್ತಿ ಇರಲಿ. ಪುಳಿಯೋಗರೆ, ಚಪಾತಿ, ಕಾಳಿನ ಪಲ್ಯ, ಒಗ್ಗರಣೆ ಅವಲಕ್ಕಿ, ಖಾಕ್ರಾ, ಚಕ್ಕುಲಿ, ಬಾಳೆಹಣ್ಣು: ಇವು ಪ್ರಯಾಣವನ್ನು ತಡೆದುಕೊಳ್ಳುತ್ತವೆ. ಸೋಸಿದ ನೀರನ್ನು ಸ್ಟೀಲ್ ಬಾಟಲಿಗಳಲ್ಲಿ ತುಂಬಿಕೊಳ್ಳಿ. ಚಿಕ್ಕ ಮಕ್ಕಳಿಗೂ ಒಂದೊಂದು ಬಾಟಲಿ ಕೊಟ್ಟರೆ ದಾರಿಯಲ್ಲಿ ತಂಪು ಪಾನೀಯದ ಹಠ ಕಡಿಮೆಯಾಗುತ್ತದೆ.

ಹೋಟೆಲಿಗೆ ಹೋದಾಗ "ಜೈನ್ ಊಟ ಇದೆಯಾ?" ಎಂದು ಕೇಳಿದರೆ ಸಾಲದು. ಎಷ್ಟೋ ಕಡೆ ಈರುಳ್ಳಿ, ಬೆಳ್ಳುಳ್ಳಿ ಇಲ್ಲದಿದ್ದರೆ ಅದೇ ಜೈನ ಊಟ ಎಂದುಕೊಂಡಿರುತ್ತಾರೆ. ಆಲೂಗಡ್ಡೆ, ಕ್ಯಾರೆಟ್, ಮೂಲಂಗಿ, ಬೀಟ್ರೂಟ್ ಬೇಡವೆಂದು ಹೆಸರು ಹಿಡಿದೇ ಹೇಳಿ. ಇಡ್ಲಿ, ಪಾಯಸ, ಖಾಲಿ ದೋಸೆಗಳಲ್ಲಿ ತೊಂದರೆ ಕಡಿಮೆ. ಆದರೆ ಸಾಂಬಾರು, ಸಾಗು ಮತ್ತು ಕೆಂಪು ಚಟ್ನಿಯ ಬಗ್ಗೆ ವಿಚಾರಿಸಬೇಕು. ಮೈಸೂರು ಮಸಾಲೆ ದೋಸೆಯ ಕೆಂಪು ಚಟ್ನಿಯಲ್ಲಿ ಸಾಮಾನ್ಯವಾಗಿ ಬೆಳ್ಳುಳ್ಳಿ ಇರುತ್ತದೆ, ಒಳಗೆ ಆಲೂಗಡ್ಡೆಯ ಪಲ್ಯ ಇದ್ದೇ ಇರುತ್ತದೆ.

ಪೊಟ್ಟಣದ ತಿನಿಸಿನ ಮೇಲಿನ ಹಸಿರು ಚುಕ್ಕೆ ಅದು ಸಸ್ಯಾಹಾರ ಎಂದಷ್ಟೇ ತಿಳಿಸುತ್ತದೆ. ಗೆಡ್ಡೆಯೋ ಬೆಳ್ಳುಳ್ಳಿಯೋ ಜೇನುತುಪ್ಪವೋ ಇದೆಯೇ ಎಂಬುದನ್ನು ಹಿಂಬದಿಯಲ್ಲಿ ಓದಬೇಕು. ಈ ಓದುವ ಕೆಲಸವನ್ನು ಮಕ್ಕಳಿಗೇ ವಹಿಸಿ. ದೊಡ್ಡವರು ಕಿತ್ತುಕೊಂಡ ಚಿಪ್ಸ್ ಪೊಟ್ಟಣಕ್ಕಾಗಿ ಮಗು ಅಳುತ್ತದೆ. ತಾನೇ ಓದಿ "ಇದು ಆಗಲ್ಲ" ಎಂದು ಹಿಂದಿಟ್ಟ ಪೊಟ್ಟಣಕ್ಕಾಗಿ ಅಳುವುದಿಲ್ಲ.

ಮೈಸೂರಿಗೆ ಬಂದು ಮಕ್ಕಳು ಧಾರಾಳವಾಗಿ ತಿನ್ನಬಹುದಾದ ಒಂದು ಸಿಹಿಯೂ ಇದೆ. ಕಡಲೆಹಿಟ್ಟು, ಸಕ್ಕರೆ, ತುಪ್ಪ, ಈ ಮೂರರಿಂದಲೇ ಆಗುವ ಮೈಸೂರು ಪಾಕ್. "ಬೇಡ" ಎನ್ನುವ ಹತ್ತು ಮಾತುಗಳ ನಡುವೆ "ಬೇಕಾದಷ್ಟು ತಿನ್ನು" ಎನ್ನುವ ಒಂದು ಮಾತೂ ಇರಲಿ.

ಪ್ರಾಣಿಸಂಗ್ರಹಾಲಯದಲ್ಲಿ ಲಾಂಛನಗಳ ಹುಡುಕಾಟ

1892ರಲ್ಲಿ ಆರಂಭವಾದ ಶ್ರೀ ಚಾಮರಾಜೇಂದ್ರ ಮೃಗಾಲಯ ದೇಶದ ಹಳೆಯ ಪ್ರಾಣಿಸಂಗ್ರಹಾಲಯಗಳಲ್ಲಿ ಒಂದು. ಮಂಗಳವಾರ ವಾರದ ರಜೆ. ಬೆಳಗ್ಗೆ 8.30ಕ್ಕೆ ಬಾಗಿಲು ತೆರೆಯುವ ಹೊತ್ತಿಗೇ ಹೋದರೆ ಪ್ರಾಣಿಗಳೂ ಚುರುಕಾಗಿರುತ್ತವೆ, ಬಿಸಿಲೂ ಇರುವುದಿಲ್ಲ. ಒಳಗೆ ನಡೆಯುವ ದಾರಿ ಉದ್ದವಾದದ್ದು. ಚಿಕ್ಕ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಮೂರು ಗಂಟೆಯಾದರೂ ಬೇಕು. ಇದು ಪ್ಲಾಸ್ಟಿಕ್ ನಿರ್ಬಂಧಿತ ಪ್ರದೇಶ. ತಿಂಡಿಯನ್ನು ಹೊರಗೇ ಮುಗಿಸಿಕೊಂಡು ಒಳಹೋಗುವುದು ಒಳ್ಳೆಯದು.

ಜೈನ ಮಕ್ಕಳಿಗೆ ಇಲ್ಲೊಂದು ಸೊಗಸಾದ ಆಟವಿದೆ. ಮಕ್ಕಳು ಇಪ್ಪತ್ನಾಲ್ಕು ತೀರ್ಥಂಕರರ ಹೆಸರನ್ನು ಬಾಯಿಪಾಠ ಮಾಡಿರುತ್ತಾರೆ, ಆದರೆ ಲಾಂಛನಗಳು ನೆನಪಿನಲ್ಲಿ ನಿಲ್ಲುವುದಿಲ್ಲ. ಹೊರಡುವ ಹಿಂದಿನ ರಾತ್ರಿ ಒಂದು ಹಾಳೆಯಲ್ಲಿ ಈ ಪಟ್ಟಿ ಬರೆಸಿ:

ವೃಷಭನಾಥ: ಎತ್ತು
ಅಜಿತನಾಥ: ಆನೆ
ಸಂಭವನಾಥ: ಕುದುರೆ
ಅಭಿನಂದನನಾಥ: ಕಪಿ
ಪುಷ್ಪದಂತ: ಮೊಸಳೆ
ಶ್ರೇಯಾಂಸನಾಥ: ಖಡ್ಗಮೃಗ
ವಾಸುಪೂಜ್ಯ: ಕೋಣ
ವಿಮಲನಾಥ: ಹಂದಿ
ಶಾಂತಿನಾಥ: ಜಿಂಕೆ
ಕುಂಥುನಾಥ: ಆಡು
ಮುನಿಸುವ್ರತನಾಥ: ಆಮೆ
ಪಾರ್ಶ್ವನಾಥ: ಸರ್ಪ
ಮಹಾವೀರ: ಸಿಂಹ

ಇನ್ನು ಕೆಲವು ತೀರ್ಥಂಕರರ ಲಾಂಛನಗಳಲ್ಲಿ ದಿಗಂಬರ ಮತ್ತು ಶ್ವೇತಾಂಬರ ಸಂಪ್ರದಾಯಗಳ ನಡುವೆ ವ್ಯತ್ಯಾಸವಿದೆ. ಆದ್ದರಿಂದ ಎರಡೂ ಕಡೆಯವರು ಒಪ್ಪುವ ಪ್ರಾಣಿಗಳನ್ನಷ್ಟೇ ಇಲ್ಲಿ ಕೊಡಲಾಗಿದೆ. ಆನೆ, ಕಪಿ, ಮೊಸಳೆ, ಖಡ್ಗಮೃಗ, ಜಿಂಕೆ, ಆಮೆ, ಸರ್ಪ, ಸಿಂಹ, ಈ ಎಂಟೂ ಮೃಗಾಲಯದೊಳಗೆ ಸಿಗುತ್ತವೆ. ಕುದುರೆ ಅರಮನೆಯ ಬಳಿಯ ಟಾಂಗಾಗಳಲ್ಲಿ ಕಾಣುತ್ತದೆ. ಎತ್ತು, ಕೋಣ, ಆಡುಗಳನ್ನು ಊರಿನಿಂದ ಬರುವ ದಾರಿಯಲ್ಲೇ ಕಿಟಕಿಯಿಂದ ಹುಡುಕಬಹುದು. ಆಟದ ನಿಯಮ ಒಂದೇ: ಕಣ್ಣಾರೆ ಕಂಡದ್ದಕ್ಕೆ ಮಾತ್ರ ಗುರುತು ಹಾಕಬೇಕು. ಸಂಜೆಯ ಹೊತ್ತಿಗೆ ಮಕ್ಕಳಿಗೆ ಪಟ್ಟಿ ಬಾಯಿಗೆ ಬಂದಿರುತ್ತದೆ. ಮುಂದೆ ಯಾವುದೇ ಬಸದಿಗೆ ಹೋದರೂ ಪೀಠದ ಮೇಲಿನ ಲಾಂಛನ ನೋಡಿ ತೀರ್ಥಂಕರರನ್ನು ತಾವೇ ಗುರುತಿಸುತ್ತಾರೆ.

ಆನೆಯ ಮುಂದೆ ನಿಂತಾಗ ಮೇಘಕುಮಾರನ ಹಿಂದಿನ ಜನ್ಮದ ಕಥೆ ಹೇಳಿ. ಕಾಡಿಗೆ ಬೆಂಕಿ ಬಿದ್ದಾಗ ಪ್ರಾಣಿಗಳೆಲ್ಲ ಒಂದೇ ಬಯಲಿಗೆ ಬಂದು ನಿಂತಿದ್ದವು. ಆನೆ ಮೈ ಕೆರೆದುಕೊಳ್ಳಲು ಒಂದು ಕಾಲೆತ್ತಿದಾಗ ಆ ಜಾಗಕ್ಕೆ ಮೊಲವೊಂದು ಬಂದು ಕೂತಿತು. ಮೊಲ ತುಳಿತಕ್ಕೆ ಸಿಕ್ಕೀತೆಂದು ಆನೆ ಬೆಂಕಿ ಆರುವ ತನಕ ಕಾಲನ್ನು ಕೆಳಗಿಡಲೇ ಇಲ್ಲ. ಸಿಂಹದ ಮುಂದೆ ನಿಂತಾಗ ಮಹಾವೀರ ಸ್ವಾಮಿಯ ಜೀವವೇ ಹಿಂದೊಂದು ಭವದಲ್ಲಿ ಸಿಂಹವಾಗಿದ್ದು, ಮುನಿಗಳ ಉಪದೇಶ ಕೇಳಿ ಹಿಂಸೆಯನ್ನು ಬಿಟ್ಟ ಪ್ರಸಂಗವನ್ನು ನೆನಪಿಸಿ. ಪುಸ್ತಕದಲ್ಲಿ ಓದಿದ ಕಥೆಗೂ ಅಷ್ಟು ದೊಡ್ಡ ಕಾಲನ್ನು ಎದುರಿಗೇ ನೋಡುತ್ತ ಕೇಳಿದ ಕಥೆಗೂ ಮಕ್ಕಳಿಗೆ ಬಹಳ ಅಂತರ ಇರುತ್ತದೆ.

"ಪಂಜರದಲ್ಲಿಡುವುದು ಹಿಂಸೆಯಲ್ಲವೇ?"

ಬುದ್ಧಿ ಚುರುಕಾದ ಮಗು ಈ ಪ್ರಶ್ನೆ ಕೇಳಿಯೇ ಕೇಳುತ್ತದೆ. "ಸುಮ್ಮನೆ ನೋಡು" ಎಂದು ಗದರಬೇಡಿ. ನಮ್ಮ ಮಕ್ಕಳು ಕೇಳಲೇಬೇಕಾದ ಪ್ರಶ್ನೆ ಅದು. ಪ್ರಾಣಿಯನ್ನು ಕಟ್ಟಿಹಾಕುವುದು, ಬಂಧನದಲ್ಲಿಡುವುದು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಒಂದು ಎಂದು ನಮ್ಮ ಶಾಸ್ತ್ರವೇ ಹೇಳುತ್ತದೆ. ಹಾಗಾಗಿ ಮಗುವಿನ ಅನುಮಾನ ಸರಿಯಾದದ್ದು ಎಂದು ಮೊದಲು ಒಪ್ಪಿಕೊಳ್ಳಿ.

ಆಮೇಲೆ ಇನ್ನೊಂದು ಬದಿಯನ್ನೂ ಹೇಳಿ. ಮೃಗಾಲಯದಲ್ಲಿರುವ ಎಷ್ಟೋ ಪ್ರಾಣಿಗಳು ಅಲ್ಲೇ ಹುಟ್ಟಿ ಬೆಳೆದವು. ಅವನ್ನು ಕಾಡಿಗೆ ಬಿಟ್ಟರೆ ಬದುಕಲಾರವು. ಗಾಯಗೊಂಡ, ತಾಯಿಯನ್ನು ಕಳೆದುಕೊಂಡ, ಊರಿಗೆ ನುಗ್ಗಿ ಸೆರೆಯಾದ ಹುಲಿ ಚಿರತೆಗಳನ್ನು ಸಾಕಲು ಇದೇ ಮೃಗಾಲಯದ ಆಡಳಿತದಲ್ಲಿ ನಗರದ ಹೊರವಲಯದ ಕೂರ್ಗಳ್ಳಿಯಲ್ಲಿ ಪುನರ್ವಸತಿ ಕೇಂದ್ರವಿದೆ. ಅದು ಜನರು ನೋಡಲು ಹೋಗುವ ಜಾಗವಲ್ಲ. ಪ್ರಾಣಿಗಳನ್ನು ದತ್ತು ಪಡೆದು ಅವುಗಳ ಆಹಾರದ ವೆಚ್ಚ ಭರಿಸುವ ಯೋಜನೆ ಮೃಗಾಲಯದಲ್ಲಿದೆ. ಚಿಕ್ಕ ಪಕ್ಷಿಯಿಂದ ಆನೆಯವರೆಗೆ ಶಕ್ತ್ಯಾನುಸಾರ ಆರಿಸಿಕೊಳ್ಳಬಹುದು. ಹುಟ್ಟುಹಬ್ಬದ ಖರ್ಚಿನಲ್ಲಿ ಒಂದು ಪಾಲನ್ನು ಮಗುವಿನ ಹೆಸರಿನಲ್ಲಿ ಹೀಗೆ ಕೊಟ್ಟರೆ ಜೀವದಯೆ ಎಂಬ ಮಾತಿಗೆ ಅದರ ಮನಸ್ಸಿನಲ್ಲಿ ಒಂದು ರೂಪ ಬರುತ್ತದೆ. ಮಾಂಸಾಹಾರಿ ಪ್ರಾಣಿಯ ಆಹಾರಕ್ಕೆ ಕೊಡಲು ಮನಸ್ಸೊಪ್ಪದವರು ಜಿಂಕೆ, ಜಿರಾಫೆ, ಆನೆ, ಆಮೆಗಳನ್ನು ಆರಿಸಿಕೊಳ್ಳಲಿ.

ಇನ್ನೊಂದು ಮಾತು. ದಯೆಯಿಂದಲೇ ಕಡಲೆಕಾಯಿ, ಬಿಸ್ಕತ್ತು ಎಸೆಯುವ ಹಿರಿಯರಿದ್ದಾರೆ. ಅದು ಪ್ರಾಣಿಗೆ ಕಾಯಿಲೆ ತರುತ್ತದೆ. ಮೃಗಾಲಯದ ಪ್ರಾಣಿಗಳನ್ನು ಕೆಣಕುವುದರ ಜೊತೆಗೆ ಅವಕ್ಕೆ ತಿನ್ನಿಸುವುದನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸಿದೆ. ತಿಳಿವಳಿಕೆ ಇಲ್ಲದ ದಯೆಯೂ ಹಿಂಸೆಯಾಗಬಲ್ಲದು ಎಂಬುದನ್ನು ಮಕ್ಕಳಿಗೆ ಕಲಿಸಲು ಇದಕ್ಕಿಂತ ಸರಳ ಉದಾಹರಣೆ ಬೇಕಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಮಗು "ನನಗೆ ಬೇಸರವಾಯಿತು, ಇನ್ನೊಮ್ಮೆ ಬರುವುದಿಲ್ಲ" ಎಂದರೆ ಅದನ್ನೂ ಗೌರವಿಸಿ. ಅಂಥ ಮಗುವನ್ನು ಮುಂದಿನ ಸಲ ನೇರವಾಗಿ ಕೆರೆಗೆ, ಪಕ್ಷಿಧಾಮಕ್ಕೆ ಕರೆದೊಯ್ಯಿರಿ.

ಕಾರಂಜಿ ಕೆರೆ ಮತ್ತು ಪ್ರಾಕೃತಿಕ ಇತಿಹಾಸ ಸಂಗ್ರಹಾಲಯ

ಮೃಗಾಲಯದ ಪಕ್ಕದಲ್ಲೇ ಕಾರಂಜಿ ಕೆರೆಯ ಉದ್ಯಾನವಿದೆ. ಇದಕ್ಕೂ ಮಂಗಳವಾರ ರಜೆ. ಕೆರೆಯ ದಂಡೆಯ ಕಾಲುದಾರಿ, ಒಳಗೆ ನಡೆದಾಡಿ ಪಕ್ಷಿಗಳನ್ನು ನೋಡುವ ದೊಡ್ಡ ಪಕ್ಷಿಪಂಜರ, ಚಿಟ್ಟೆಗಳ ಉದ್ಯಾನ ಮಕ್ಕಳಿಗೆ ಹಿಡಿಸುತ್ತವೆ. ಕೆರೆಯ ದಂಡೆಯಲ್ಲೇ 1995ರಲ್ಲಿ ಆರಂಭವಾದ ಪ್ರಾದೇಶಿಕ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯವಿದೆ. ಅದಕ್ಕೆ ಸೋಮವಾರ ರಜೆ. ಕಾಡು, ಜೀವಜಾತಿ, ಪರಿಸರಗಳ ಬಗೆಗಿನ ಮಾದರಿಗಳು ಅಲ್ಲಿವೆ. ಮಧ್ಯಾಹ್ನದ ಬಿಸಿಲಿನಲ್ಲಿ ಎರಡು ಗಂಟೆ ಕಳೆಯಲು ಯೋಗ್ಯ ಜಾಗ.

ಇಲ್ಲಿಗೆ ಒಪ್ಪುವ ಇನ್ನೊಂದು ಆಟ, ಇಂದ್ರಿಯ ಎಣಿಸುವುದು. ಮರ ಏಕೇಂದ್ರಿಯ: ಸ್ಪರ್ಶ ಮಾತ್ರ. ಎರೆಹುಳು, ಶಂಖದ ಹುಳು ದ್ವೀಂದ್ರಿಯ: ಜೊತೆಗೆ ರುಚಿ. ಇರುವೆ ತ್ರೀಂದ್ರಿಯ: ವಾಸನೆಯೂ ಸೇರಿತು. ಚಿಟ್ಟೆ, ದುಂಬಿ, ನೊಣ ಚತುರಿಂದ್ರಿಯ: ಕಣ್ಣೂ ಬಂತು. ಹಕ್ಕಿ, ಮೀನು, ಮನುಷ್ಯ ಪಂಚೇಂದ್ರಿಯ: ಕಿವಿಯೂ ಸೇರಿ ಐದು. ಒಂದರಿಂದ ಐದರವರೆಗೆ ಪ್ರತಿ ಗುಂಪಿಗೂ ಮೂರು ಜೀವಿಗಳನ್ನು ಮೊದಲು ಕಂಡವರು ಗೆದ್ದಂತೆ. ಇದು ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಬರುವ ವಿಷಯ. ಪಾಠಶಾಲೆಯಲ್ಲಿ ಒಂದು ತಿಂಗಳು ಹಿಡಿಯುವುದನ್ನು ಮಕ್ಕಳು ಕೆರೆಯ ದಂಡೆಯಲ್ಲಿ ಒಂದು ಸಂಜೆಗೆ ಕಲಿಯುತ್ತಾರೆ. ಕಾಲಿನ ಕೆಳಗೆ ನೋಡಿಕೊಂಡು ನಡೆಯುವ ಅಭ್ಯಾಸವೂ ಆಗುತ್ತದೆ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಜೀವಿಗಳ ವರ್ಗೀಕರಣ ಬೇರೆ ರೀತಿಯಲ್ಲಿದೆಯಲ್ಲ ಎಂದು ದೊಡ್ಡ ಮಕ್ಕಳು ಕೇಳಿದರೆ, ಅಲ್ಲಿ ಗುಂಪು ಮಾಡುವುದು ದೇಹರಚನೆಯನ್ನು ನೋಡಿ, ಇಲ್ಲಿ ಗುಂಪು ಮಾಡುವುದು ಆ ಜೀವಿಗೆ ಏನೇನು ಅನುಭವಕ್ಕೆ ಬರುತ್ತದೆ ಎಂಬುದನ್ನು ನೋಡಿ ಎಂದು ವಿವರಿಸಿ.

ರೈಲು ಮತ್ತು ಅರಮನೆ

ರೈಲು ನಿಲ್ದಾಣದ ಸಮೀಪದ ರೈಲ್ವೆ ಸಂಗ್ರಹಾಲಯ 1979ರಲ್ಲಿ ಸ್ಥಾಪನೆಯಾಯಿತು. ಹಳೆಯ ಉಗಿ ಎಂಜಿನುಗಳನ್ನು ಬಯಲಿನಲ್ಲಿ ನಿಲ್ಲಿಸಿರುವುದರಿಂದ ಮಕ್ಕಳು ಹತ್ತಿರದಿಂದ ನೋಡಬಹುದು. 1899ರ ಕಾಲದ ಮಹಾರಾಣಿಯವರ ಸಲೂನ್ ಬೋಗಿಯನ್ನು ತಪ್ಪದೆ ತೋರಿಸಿ. ಅದರಲ್ಲಿ ಅಡುಗೆಮನೆ, ಊಟದ ಜಾಗ ಎರಡೂ ಇವೆ. "ನಾವು ಮಾತ್ರ ಯಾಕೆ ಬುತ್ತಿ ಹೊತ್ತುಕೊಂಡು ಬರಬೇಕು?" ಎಂದು ಗೊಣಗುವ ಮಗುವಿಗೆ ಅಲ್ಲೇ ಉತ್ತರ ಸಿಗುತ್ತದೆ: ಮಹಾರಾಣಿಯವರೂ ತಮ್ಮ ಅಡುಗೆಮನೆಯನ್ನು ಜೊತೆಗೇ ಕೊಂಡೊಯ್ಯುತ್ತಿದ್ದರು!

ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ಅವರ ವಿನ್ಯಾಸದಂತೆ ಈಗಿನ ಅಂಬಾವಿಲಾಸ ಅರಮನೆಯನ್ನು ಕಟ್ಟಲಾಯಿತು. ಕೆಲಸ 1912ರಲ್ಲಿ ಮುಗಿಯಿತು. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ರಾತ್ರಿ 7ರ ಹೊತ್ತಿಗೆ ದೀಪಾಲಂಕಾರ ಬೆಳಗುತ್ತದೆ. ರಾತ್ರಿ ಭೋಜನ ಬಿಟ್ಟವರಿಗೆ ಇದು ಅಡ್ಡಿಯಲ್ಲ, ಅನುಕೂಲವೇ. 5 ಗಂಟೆಗೆ ಊಟ ಮುಗಿಸಿದರೆ ದೀಪ ನೋಡಿ ನೇರವಾಗಿ ವಸತಿಗೆ ಮರಳಬಹುದು. ಉಳಿದವರು ಆ ಹೊತ್ತಿನಲ್ಲಿ ಹೋಟೆಲಿನ ಸರದಿಯಲ್ಲಿ ನಿಂತಿರುತ್ತಾರೆ. ಹಸಿವೆಂದು ಅಳುವ ಚಿಕ್ಕ ಮಕ್ಕಳ ವಿಷಯದಲ್ಲಿ ಮಾತ್ರ ಅವರ ವಯಸ್ಸಿಗೆ ತಕ್ಕಂತೆ ಮನೆಯ ಹಿರಿಯರು ನಿರ್ಧರಿಸಲಿ.

ರೇಷ್ಮೆ ಕಾರ್ಖಾನೆ ನೋಡಬೇಕೆಂದು ದೊಡ್ಡ ಮಕ್ಕಳು ಕೇಳಬಹುದು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ ಆರಂಭವಾದ ಮೈಸೂರು ರೇಷ್ಮೆ ರಾಜ್ಯದ ಹೆಮ್ಮೆ. ಆದರೆ ನೂಲು ತೆಗೆಯಲು ಗೂಡನ್ನು ಬಿಸಿ ನೀರಿನಲ್ಲಿ ಬೇಯಿಸಿದಾಗ ಒಳಗಿನ ಜೀವ ಸಾಯುತ್ತದೆ. ನಮ್ಮಲ್ಲಿ ಎಷ್ಟೋ ಮಂದಿ ರೇಷ್ಮೆ ಉಡುವುದನ್ನು ಬಿಟ್ಟಿದ್ದರೆ ಅದಕ್ಕೆ ಇದೇ ಕಾರಣ. ಇದನ್ನು ಮುಚ್ಚಿಡದೆ ತಿಳಿಸಿ, ತೀರ್ಮಾನವನ್ನು ಮಕ್ಕಳಿಗೂ ಬಿಡಿ.

ಗೊಮ್ಮಟಗಿರಿಗೆ ಅರ್ಧ ದಿನ

ಮೈಸೂರಿನಿಂದ ಸುಮಾರು 25 ಕಿ.ಮೀ. ದೂರದಲ್ಲಿ, ಹುಣಸೂರು ರಸ್ತೆಯಿಂದ ಒಳಗೆ ಗೊಮ್ಮಟಗಿರಿ ಇದೆ. ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಲಾರದ ಪುಟ್ಟ ಮಕ್ಕಳಿಗೂ ಮೊಣಕಾಲು ನೋವಿರುವ ಅಜ್ಜ ಅಜ್ಜಿಯರಿಗೂ ಈ ಬೆಟ್ಟ ಸುಲಭ. ಮೆಟ್ಟಿಲು ಬಹಳ ಕಡಿಮೆ. ಹತ್ತುವಾಗ ಮಕ್ಕಳಿಂದಲೇ ಎಣಿಸಿ. ಬಂಡೆಯ ನೆತ್ತಿಯಲ್ಲಿ ಹದಿನೆಂಟು ಅಡಿಯ ಆಸುಪಾಸಿನ ಬಾಹುಬಲಿ ಸ್ವಾಮಿಯ ಮೂರ್ತಿ ಇದೆ. ಶ್ರವಣಬೆಳಗೊಳದಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ನಡೆಯುವ ಮಸ್ತಕಾಭಿಷೇಕ ಇಲ್ಲಿ ಪ್ರತಿ ವರ್ಷ ನಡೆಯುತ್ತದೆ.

ಶ್ರವಣಬೆಳಗೊಳ ನೋಡಿರುವ ಮಕ್ಕಳಿಗೆ ಒಂದು ಕೆಲಸ ಕೊಡಿ: ಎರಡು ಮೂರ್ತಿಗಳ ನಡುವಿನ ವ್ಯತ್ಯಾಸ ಹುಡುಕುವುದು. ಬಳ್ಳಿ ಎಲ್ಲಿಯವರೆಗೆ ಹಬ್ಬಿದೆ? ಹುತ್ತ ಇದೆಯೇ? ಕೈಬೆರಳುಗಳು ಹೇಗಿವೆ? ಮುಖದಲ್ಲಿ ವಯಸ್ಸು ಎಷ್ಟೆನಿಸುತ್ತದೆ? ಗಮನವಿಟ್ಟು ನೋಡುವುದನ್ನು ಕಲಿತ ಮಗು ದರ್ಶನಕ್ಕೆಂದು ಹತ್ತು ನಿಮಿಷ ಮೌನವಾಗಿ ನಿಲ್ಲಬಲ್ಲದು. ಬೆಟ್ಟದ ಮೇಲೆ ಬಂಡೆ ಕಾಯುತ್ತದೆ, ನೆರಳು ಕಡಿಮೆ. ಬರಿಗಾಲಲ್ಲಿ ನಡೆಯಬೇಕಾದ್ದರಿಂದ 10 ಗಂಟೆಯೊಳಗೆ ಹತ್ತಿ ಇಳಿಯಿರಿ. ನೀರು, ತಿಂಡಿ ಜೊತೆಯಲ್ಲೇ ಇರಲಿ.

ಇನ್ನೊಂದು ದಿನ ಇದ್ದರೆ ಶ್ರೀರಂಗಪಟ್ಟಣದ ಕಡೆ ಹೋಗಬಹುದು. ಪಟ್ಟಣದಲ್ಲಿ ಆದಿನಾಥ ಸ್ವಾಮಿಯ ಪುರಾತನ ಬಸದಿ ಇದೆ. ಹತ್ತಿರದಲ್ಲೇ 1940ರಲ್ಲಿ ಪಕ್ಷಿಧಾಮವೆಂದು ಘೋಷಣೆಯಾದ ರಂಗನತಿಟ್ಟು ಇದೆ. ಪಂಜರವೇ ಇಲ್ಲದ, ಹಕ್ಕಿಗಳು ತಾವಾಗಿ ಬಂದು ಗೂಡು ಕಟ್ಟುವ ಜಾಗ. ಮೃಗಾಲಯದಲ್ಲಿ ಪ್ರಶ್ನೆ ಕೇಳಿದ ಮಗುವಿಗೆ ಇದನ್ನು ತೋರಿಸಲೇಬೇಕು. ಕಾವೇರಿ ತುಂಬಿ ಹರಿಯುವ ಮಳೆಗಾಲದಲ್ಲಿ ದೋಣಿ ವಿಹಾರ ನಿಲ್ಲಿಸುತ್ತಾರೆ. ಡಿಸೆಂಬರಿನಿಂದ ಬೇಸಿಗೆಯವರೆಗಿನ ಸಮಯ ಒಳ್ಳೆಯದು.

ಎರಡು ದಿನದ ಮಾದರಿ

ಶನಿವಾರ: 8.30ಕ್ಕೆ ಮೃಗಾಲಯ. 12ಕ್ಕೆ ಊಟ. 1.30ಕ್ಕೆ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯ, ನಂತರ ಕಾರಂಜಿ ಕೆರೆ. 4.45ಕ್ಕೆ ಸಂಜೆಯ ಊಟ. ಊಟದ ಬಳಿಕ ವಸತಿಗೆ ಹತ್ತಿರದ ಬಸದಿ ಅಥವಾ ಮಂದಿರದಲ್ಲಿ ಆರತಿ.

ಭಾನುವಾರ: ಬೆಳಗ್ಗೆ 7ಕ್ಕೆ ಗೊಮ್ಮಟಗಿರಿಗೆ ಪ್ರಯಾಣ. 11.30ಕ್ಕೆ ನಗರಕ್ಕೆ ವಾಪಸು, ಊಟ. ಮಧ್ಯಾಹ್ನ ರೈಲ್ವೆ ಸಂಗ್ರಹಾಲಯ, ಬಳಿಕ ಅರಮನೆಯ ಒಳಭಾಗ. 4.45ಕ್ಕೆ ಊಟ. 7ಕ್ಕೆ ಅರಮನೆಯ ದೀಪ.

ಪ್ರವೇಶ ಶುಲ್ಕ ಮತ್ತು ವೇಳೆ ಆಗಾಗ ಬದಲಾಗುವುದರಿಂದ, ದಸರಾ ದಿನಗಳಲ್ಲಂತೂ ತಪ್ಪದೆ, ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಸಾಧ್ಯವಾದರೆ ಒಬ್ಬರು ಜೈನೇತರ ಗೆಳೆಯರನ್ನೋ ಗೆಳತಿಯರನ್ನೋ ಮಕ್ಕಳ ಜೊತೆ ಕರೆದುಕೊಂಡು ಹೋಗಿ. ಯಾಕೆ ಬೇಗ ಉಣ್ಣುತ್ತೇವೆ, ಯಾಕೆ ಗೆಡ್ಡೆ ತಿನ್ನುವುದಿಲ್ಲ ಎಂದು ಆ ಮಗು ಕೇಳಿದಾಗ ನೀವು ಸುಮ್ಮನಿರಿ. ನಿಮ್ಮ ಮಗುವೇ ಉತ್ತರಿಸಲಿ. ಆ ಉತ್ತರ ಕೇಳಿದರೆ ಮನೆಯ ಆಚರಣೆ ಮುಂದಿನ ತಲೆಮಾರಿಗೆ ಎಷ್ಟು ತಲುಪಿದೆ ಎಂಬುದು ನಿಮಗೆ ಗೊತ್ತಾಗುತ್ತದೆ.